ಗೊತ್ತಿದ್ದ ದಾರಿ ಕೇಳಿಸುವವಳು

ಸುಗ್ಗಿ ಮುಗಿಯಿತೆಂದರೆ ಅಣ್ಣಿಗೇರಿಯ ವಿಧವೆ ದುರಗವ್ವ, ಮೀಸೆ ಮೂಡಿದ ಮಗನನ್ನೂ ಮಾತಿಗೆ ನಾಚುವ ಮಗಳನ್ನೂ ರೈಲು ಹತ್ತಿಸಿ ಹುಬ್ಬಳ್ಳಿ ತೋರಿಸಲು ಹೊರಡುತ್ತಾಳೆ. ಮನೆಯ ರೊಟ್ಟಿಯ ಗಂಟನ್ನು ಖಾನಾವಳಿಯ ಎದುರೇ ಬಿಚ್ಚುತ್ತಾಳೆ; ಒಗ್ಗರಣೆಯ ವಾಸನೆಗೆ ಯಾರೂ ದುಡ್ಡು ಕೇಳುವುದಿಲ್ಲ. ಸಿನಿಮಾ ಎಂದರೆ ಟಾಕೀಸಿನ ಹೊರಗಿನ ಪೋಸ್ಟರು. ಕಥೆ ಅವಳೇ ಹೇಳಿ ಖಳನನ್ನು ಬೇಗ ಸಾಯಿಸುತ್ತಾಳೆ. ದಾರಿಯೆಲ್ಲ ತನಗೆ ಗೊತ್ತಿದ್ದರೂ ಮಕ್ಕಳೇ ಕೇಳಬೇಕು. ಬಸ್‌ಸ್ಟ್ಯಾಂಡಿನ ನಡುವೆ ನಿಂತು, "ಬಸ್‌ಸ್ಟ್ಯಾಂಡ್ ಎಲ್ಲೈತಿ ಅಂತ ಆ ಪೊಲೀಸನ್ನ ಕೇಳೋ" ಎಂದು ಮಗನನ್ನು ನೂಕುತ್ತಾಳೆ. ಈ ಸಲ ಮಗಳು ಸೆರಗು ಜಗ್ಗಿದಳು: "ಮಂದಿ ನಗತಾರಬೇ ಯವ್ವಾ." "ನಗಲಿ. ನಿಮ್ಮಪ್ಪನ್ನ ದವಾಖಾನಿಗೆ ತಂದಾಗ ನಾನೂ ಹಂಗಂತ ದಾರಿ ಕೇಳಲಿಲ್ಲ. ಸುತ್ತಿ ಸುತ್ತಿ ಮುಟ್ಟೂದ್ರಾಗ ಅಂವನ ಉಸಿರು ನಿಂತಿತ್ತು." ಮಗಳು ಸೆರಗು ಬಿಟ್ಟು ಪೊಲೀಸನತ್ತ ನೆಟ್ಟಗೆ ನಡೆದಳು. "ಸಾಹೇಬ್ರ, ಬಸ್‌ಸ್ಟ್ಯಾಂಡ್ ಎಲ್ಲೈತ್ರಿ?"