ಪ್ಲಗ್ಗಕ್ಕನ ಗೂಡಿನಲ್ಲಿ ಇನ್ನೂರ ಹನ್ನೆರಡು ಜೊತೆ ಕಣ್ಣು

ಬೆಳಗಿನ ಐದೂಕಾಲು. ಬಸ್ ನಿಲ್ದಾಣದ ನೆಲ ಈಗಷ್ಟೇ ತೊಳೆದಿದ್ದಾರೆ, ಒದ್ದೆ ಇನ್ನೂ ಆರಿಲ್ಲ. ಕುಡಿಯುವ ನೀರಿನ ನಲ್ಲಿಗೂ ಟಿಕೆಟ್ ಕೌಂಟರಿಗೂ ನಡುವೆ ಒಂದು ಗಾಜಿನ ಗೂಡು. ಒಬ್ಬರು ಕೂರಬಹುದು, ಇನ್ನೊಬ್ಬರು ನಿಲ್ಲಬಹುದು, ಮೂರನೆಯವರು ಬಂದರೆ ಬಾಗಿಲು ಹಾಕಲಾಗದು. ಅದರೊಳಗೆ ಐವತ್ತು ದಾಟಿದ ಹೆಂಗಸೊಬ್ಬರು ಸ್ವೆಟರಿನ ತೋಳು ಮಡಚಿಕೊಂಡು ತಮ್ಮ ಹಳೆಯ ಲ್ಯಾಪ್‌ಟಾಪಿನ ಮುಂದೆ ಕೂತಿದ್ದಾರೆ. ತೆರೆಯ ಮೇಲೆ ಹಸಿರು ಪಟ್ಟಿಯೊಂದು ತೆವಳುತ್ತಿದೆ. ತೊಂಬತ್ತೊಂದು. ಬಹಳ ಹೊತ್ತಿನ ಮೇಲೆ ತೊಂಬತ್ತೆರಡು. ಒಲೆಯ ಮೇಲೆ ಹಾಲಿಟ್ಟು ನಿಂತವರ ಹಾಗೆ ಅದನ್ನೇ ನೋಡುತ್ತಿದ್ದಾರೆ.

ಎಲ್ಲರಿಗೂ ಇವರು ಪ್ಲಗ್ಗಕ್ಕ. ಕಂಡಕ್ಟರುಗಳು ಇಟ್ಟ ಹೆಸರು, ಅದೇ ಉಳಿದುಕೊಂಡಿದೆ. ಲ್ಯಾಪ್‌ಟಾಪ್ ಹೊತ್ತು ಊರೂರು ತಿರುಗುವವರು, ಅಂದರೆ ಔಷಧ ಕಂಪನಿಯವರು, ವಿಮೆಯವರು, ಲಿಫ್ಟ್ ರಿಪೇರಿಯವರು, ಪರೀಕ್ಷೆ ನಡೆಸಲು ಹೋಗುವ ಮೇಷ್ಟರು, ಬಸ್ಸು ಬದಲಾಯಿಸುವ ಇಪ್ಪತ್ತು ನಿಮಿಷದಲ್ಲಿ ಇವರ ಹತ್ತಿರ ಓಡಿ ಬರುತ್ತಾರೆ. ದಿನಕ್ಕೆ ಮೂವತ್ತೈದು, ನಲವತ್ತು ಜನ. ಗೂಡಿನಲ್ಲಿ ಎಂಟು ಪ್ಲಗ್ಗು, ಮೊಳೆಗೆ ನೇತುಹಾಕಿದ ಇಪ್ಪತ್ತಮೂರು ಬಗೆಯ ಚಾರ್ಜರು, ಒಂದು ಸಣ್ಣ ಬ್ರಷ್ಷು, ಒಂದು ಡಬ್ಬಿಯ ತುಂಬ ಪೆನ್‌ಡ್ರೈವು.

ಇವತ್ತು ಅವರ ಮುಖದಲ್ಲಿ ಎಂದಿನ ತಮಾಷೆ ಇಲ್ಲ. ಮೂರು ದಿನದ ಹಿಂದೆ ಒಂದು ತಪ್ಪಾಗಿದೆ, ತಮ್ಮ ಕೈಯಿಂದಲೇ ಆಗಿದೆ. ಆ ಹಸಿರು ಪಟ್ಟಿ ಹುಡುಕುತ್ತಿರುವುದು ಅದರ ಪರಿಹಾರವನ್ನು.

ಆಗಿದ್ದಿಷ್ಟು. ಶಾಲೆಗಳಿಗೆ ಹೋಗಿ ಮಕ್ಕಳ ಕಣ್ಣು ಪರೀಕ್ಷೆ ಮಾಡುವವರೊಬ್ಬರಿದ್ದಾರೆ, ಇಲ್ಲಿ ಅವರನ್ನು ಕನ್ನಡಕದವರು ಎನ್ನುತ್ತಾರೆ. ಲ್ಯಾಪ್‌ಟಾಪು ಆಮೆಯಾಗಿದೆ ಎಂದು ತಂದರು. ಬಸ್ಸಿಗೆ ಹದಿನೈದು ನಿಮಿಷವಿತ್ತು. ಪ್ಲಗ್ಗಕ್ಕ ಕಸ ಗುಡಿಸುವ ತಂತ್ರಾಂಶ ಓಡಿಸಿದರು, ಬೇಡದ್ದನ್ನೆಲ್ಲ ತೆಗೆದರು, ಕಸದ ಬುಟ್ಟಿಯನ್ನು ಖಾಲಿ ಮಾಡಿದರು. ಯಂತ್ರ ಚುರುಕಾಯಿತು. ಕನ್ನಡಕದವರು ಖುಷಿಯಿಂದ ಬಸ್ಸು ಹತ್ತಿದರು. ಮಾರನೆಯ ಬೆಳಿಗ್ಗೆ ಲಾಡ್ಜಿನಿಂದ ಫೋನು ಮಾಡಿದರು: ಮಕ್ಕಳ ಪಟ್ಟಿಯೇ ಕಾಣುತ್ತಿಲ್ಲ.

ಅವರ ಕಚೇರಿಯಲ್ಲಿ ಮೊದಲಿನಿಂದಲೂ ಒಂದು ಪದ್ಧತಿ. ಮುಗಿದ ಕಾಗದವನ್ನು ಮೇಜಿನ ಮೇಲಿನ ತಂತಿ ಬುಟ್ಟಿಗೆ ಹಾಕುವುದು, ಸಂಜೆ ಗುಮಾಸ್ತರು ಬಂದು ಒಯ್ಯುವುದು. ಲ್ಯಾಪ್‌ಟಾಪಿನಲ್ಲೂ ಒಂದು ಬುಟ್ಟಿಯ ಚಿತ್ರ ಕಂಡಿದ್ದಾರೆ. ಮುಗಿದ ಶಾಲೆಯ ಪಟ್ಟಿಯನ್ನೆಲ್ಲ ಅದರಲ್ಲೇ ಜೋಪಾನವಾಗಿ ಇಟ್ಟಿದ್ದಾರೆ. ನಾಲ್ಕು ಶಾಲೆ, ಇನ್ನೂರ ಹನ್ನೆರಡು ಮಕ್ಕಳು, ಎಡಗಣ್ಣು ಬಲಗಣ್ಣಿನ ನಂಬರು. ಮಸೂರ ತಿಕ್ಕುವ ಕಾರ್ಖಾನೆ ತಿಂಗಳಿಗೊಮ್ಮೆ ಮಾತ್ರ ಈ ಕೆಲಸ ತೆಗೆದುಕೊಳ್ಳುತ್ತದೆ. ಪಟ್ಟಿ ಇವತ್ತು ಸಂಜೆ ನಾಲ್ಕರೊಳಗೆ ಹೋಗಬೇಕು. ಹೋಗದಿದ್ದರೆ ಆ ಮಕ್ಕಳು ಇನ್ನೊಂದು ತಿಂಗಳು ಕಣ್ಣು ಕಿರಿದು ಮಾಡಿಕೊಂಡು ಕೂರಬೇಕು. ವಾರ್ಷಿಕ ಪರೀಕ್ಷೆ ಬರುವುದು ಆ ತಿಂಗಳಲ್ಲೇ.

"ಬುಟ್ಟೀಲಿ ಇಟ್ಟಿದ್ದು ಅವರ ತಪ್ಪಲ್ಲ," ಎನ್ನುತ್ತಾರೆ ಪ್ಲಗ್ಗಕ್ಕ. "ಕೇಳದೆ ಸುರಿದೆನಲ್ಲ, ಅದು ನನ್ನ ತಪ್ಪು. ಬೇರೆಯವರ ಮನೆ ಗುಡಿಸೋಕೆ ಹೋದವಳು ಒಂದು ಮಾತು ಕೇಳಬೇಕಿತ್ತು."

ಫೋನು ಬಂದ ಕೂಡಲೇ ಅವರು ಹೇಳಿದ್ದು ಒಂದೇ: "ಆಫ್ ಮಾಡಿ ಅಣ್ಣ. ಏನೂ ತೆರೀಬೇಡಿ, ಏನೂ ಬರೀಬೇಡಿ. ಮುಂದಿನ ಬಸ್ಸಿಗೆ ತಗೊಂಡು ಬನ್ನಿ." ಈ ಹಳೆಯ ಬಗೆಯ ಡಿಸ್ಕಿನಲ್ಲಿ ಅಳಿಸಿದ್ದು ತಕ್ಷಣ ಮಾಯವಾಗುವುದಿಲ್ಲವಂತೆ. ಅದರ ಜಾಗದಲ್ಲಿ ಹೊಸದು ಬಂದು ಕೂರುವವರೆಗೆ ಗುರುತು ಇರುತ್ತದೆ. ಕನ್ನಡಕದವರು ತಂದುಕೊಟ್ಟು ಹೋದ ಮೇಲೆ ಪ್ಲಗ್ಗಕ್ಕ ಮೊದಲು ಇಡೀ ಡಿಸ್ಕಿನ ನಕಲು ತೆಗೆದರು. ಆಮೇಲೆ ಅಳಿಸಿದ್ದನ್ನು ಹುಡುಕುವ ತಂತ್ರಾಂಶವನ್ನು ಆ ನಕಲಿನ ಮೇಲೆ ಬಿಟ್ಟರು. ನಿನ್ನೆ ಮಧ್ಯಾಹ್ನದಿಂದ ಓಡುತ್ತಿದೆ.

ಈ ಗೂಡು ಮೊದಲು ಟೆಲಿಫೋನ್ ಬೂತು. ಪ್ಲಗ್ಗಕ್ಕ ಆಗ ಇಲ್ಲೇ ಕೂತು ಜನರ ಮಾತಿಗೆ ನಿಮಿಷ ನೋಡುತ್ತಿದ್ದರು. ಹೆರಿಗೆಯ ಸುದ್ದಿ, ಸಾವಿನ ಸುದ್ದಿ, ಕೆಲಸ ಸಿಕ್ಕಿದ್ದು, ಎಲ್ಲವೂ ಈ ಗಾಜಿಗೆ ಕೇಳಿಸಿದೆ. ಮೊಬೈಲು ಬಂತು, ಬೂತಿಗೆ ಜನ ಬರುವುದು ನಿಂತಿತು. ಗೂಡಿನೊಳಗೆ ಉಳಿದದ್ದು ಒಂದು ಕುರ್ಚಿ, ಒಂದು ಪ್ಲಗ್ಗು. ಒಂದು ದಿನ ಬಸ್ಸು ಕೆಟ್ಟು ಇಡೀ ಹಗಲು ಸಿಕ್ಕಿಕೊಂಡ ಎಂಜಿನಿಯರೊಬ್ಬರು ಆ ಪ್ಲಗ್ಗು ಬೇಡಿ ಬಂದರು. ಸುಮ್ಮನೆ ಕೂತು ಬೇಸರವಾಗಿ ಈಕೆಗೆ ಲ್ಯಾಪ್‌ಟಾಪಿನ ಅಆಇಈ ಹೇಳಿಕೊಟ್ಟರು. ಏಳನೇ ತರಗತಿಗೇ ಶಾಲೆ ಬಿಟ್ಟವರಿಗೆ ಅಲ್ಲಿಂದ ಎರಡನೆಯ ಶಾಲೆ ಶುರುವಾಯಿತು. ಬಂದವರನ್ನೆಲ್ಲ ಕೇಳಿದರು, ಕೇಳಿದ್ದನ್ನೆಲ್ಲ ಬರೆದಿಟ್ಟರು. ಈಗ ಅಂಥ ಆರು ನೋಟ್‌ಬುಕ್ ಇವೆ.

ದಾರಿ ಹಿಡಿದವರಿಗೆ ಅವರ ಬುದ್ಧಿಮಾತು ಸರಳ. "ಅಪ್‌ಡೇಟು ಗಿಪ್‌ಡೇಟು ಎಲ್ಲ ಹಿಂದಿನ ದಿನ ಮನೇಲೇ ಮುಗಿಸ್ಕೊಳ್ಳಿ. ದಾರೀಲಿ ಶುರುವಾದ್ರೆ ಅದು ಮದುವೆ ಮನೆ ಫೋಟೋ ಥರ, ಯಾವಾಗ ಮುಗಿಯುತ್ತೋ ಯಾರಿಗೂ ಗೊತ್ತಿಲ್ಲ." ಮುಚ್ಚಳ ಮುಚ್ಚಿ ಹಾಗೇ ಚೀಲಕ್ಕೆ ತುರುಕುವವರಿಗೆ ಬೈಗುಳವೂ ಉಂಟು: "ಅದು ಮಲಗಿಲ್ಲಪ್ಪ, ಒಳಗೆ ಎದ್ದು ಬೇಯ್ತಾ ಇದೆ. ಪೂರ್ತಿ ಆಫ್ ಮಾಡು."

ಯಾರ ಯಂತ್ರ ಬಂದರೂ ಕೆಲವನ್ನು ಹಾಕಿಕೊಡುತ್ತಾರೆ. ಬರೆಯುತ್ತಿದ್ದಂತೆ ತಾನೇ ಉಳಿಸಿಕೊಳ್ಳುವ ಪುಕ್ಕಟೆ ಬರವಣಿಗೆಯ ತಂತ್ರಾಂಶ, ನೆಟ್ ಇಲ್ಲದಿದ್ದರೂ ದಾರಿ ತೋರಿಸುವ ನಕ್ಷೆ, ಎಲ್ಲ ಪಾಸ್‌ವರ್ಡುಗಳನ್ನು ಒಂದೇ ಬೀಗದಡಿ ಇಡುವಂಥದ್ದು. ಯಂತ್ರ ಕಳುವಾದರೆ ಒಳಗಿನದು ಕಳ್ಳನಿಗೆ ಸಿಗದ ಹಾಗೆ ಡಿಸ್ಕಿಗೂ ಬೀಗ. ಬ್ಯಾಟರಿ ಕೈಕೊಟ್ಟರೆ ಮೊದಲು ತೆರೆಯ ಬೆಳಕು ತಗ್ಗಿಸಲು ಹೇಳುತ್ತಾರೆ. ನಿಲ್ದಾಣದ ಬಿಟ್ಟಿ ವೈಫೈನಲ್ಲಿ ಬ್ಯಾಂಕಿನ ಕೆಲಸ ಮಾಡಹೊರಟವರ ಕೈಯನ್ನೇ ಹಿಡಿದು ತಡೆಯುತ್ತಾರೆ.

ಐದೂಮುಕ್ಕಾಲಿಗೆ ಗಂಡ ಚಹಾದ ಫ್ಲಾಸ್ಕು ಹಿಡಿದು ಬರುತ್ತಾರೆ. ನಿವೃತ್ತ ಬಸ್ ಚಾಲಕರು. ಹಸಿರು ಪಟ್ಟಿ ನೋಡಿ, ಹೆಂಡತಿಯ ಮುಖ ನೋಡಿ, ಲೋಟಕ್ಕೆ ಚಹಾ ಬಗ್ಗಿಸುತ್ತಾರೆ.

"ಮೂವತ್ತು ವರ್ಷ ಬಸ್ ಓಡಿಸಿದೆ. ಹಿಂದೆ ನೋಡದೆ ಒಂದು ದಿನ ರಿವರ್ಸ್ ಹಾಕಲಿಲ್ಲ."

"ನಾನು ಹಾಕಿದೆ ಕಣ್ರಿ. ಗೊತ್ತಾಯ್ತು. ಚಹಾಕ್ಕೆ ಸಕ್ಕರೆ ಹಾಕಿದ್ದೀರೋ ಇಲ್ವೋ?"

ಆರೂಇಪ್ಪತ್ತರ ಬಸ್ಸಿನಿಂದ ಕನ್ನಡಕದವರು ಇಳಿಯುವ ಹೊತ್ತಿಗೆ ಪಟ್ಟಿ ನೂರು ಮುಟ್ಟಿದೆ. ಪ್ಲಗ್ಗಕ್ಕ ಸಿಕ್ಕ ಕಡತಗಳನ್ನು ಒಂದೊಂದಾಗಿ ತೆರೆಯುತ್ತಾರೆ. ಮೊದಲ ಶಾಲೆ ಸರಿ ಇದೆ. ಎರಡನೆಯದೂ ಸರಿ. ಮೂರನೆಯದರಲ್ಲಿ ಕೊನೆಯ ಮಗುವಿನವರೆಗೆ ಎಲ್ಲ ಇದೆ. ನಾಲ್ಕನೆಯದು ತೆರೆಯುತ್ತದೆ, ಅದರ ತುಂಬ ಬರಿಯ ಚೌಕಗಳು. ಮತ್ತೆ ತೆರೆದರೂ ಚೌಕಗಳೇ.

"ಇದರ ಮೇಲೆ ಏನೋ ಬಂದು ಕೂತಿದೆ," ಎನ್ನುತ್ತಾರೆ ಪ್ಲಗ್ಗಕ್ಕ. "ಅಣ್ಣ, ನಾನು ಕೊಟ್ಟ ಮೇಲೆ ಇದರಲ್ಲಿ ಏನಾದ್ರೂ ಮಾಡಿದ್ರಾ?"

ಕನ್ನಡಕದವರು ಚೀಲದ ಜಿಪ್ಪು ಎಳೆಯುತ್ತಾರೆ, ಬಿಡುತ್ತಾರೆ. "ಆವತ್ತು ಲಾಡ್ಜಲ್ಲಿ ಒಂದು ಸಿನಿಮಾ ಇಳಿಸ್ಕೊಂಡಿದ್ದೆ ಅಕ್ಕ."

"ಚೆನ್ನಾಗಿತ್ತಾ?"

"ಅರ್ಧಕ್ಕೇ ನಿದ್ದೆ ಬಂತು."

ಗಂಡ ನಕ್ಕುಬಿಡುತ್ತಾರೆ. ಅವರಿಬ್ಬರೂ ನಗುವುದಿಲ್ಲ. ನಾಲ್ಕನೆಯ ಶಾಲೆಯಲ್ಲಿ ಅರವತ್ತೊಂದು ಮಕ್ಕಳು.

"ನಿಮಗೆ ಒಂದೂ ನೆನಪಿಲ್ವಾ?"

"ಮುಖ ನೆನಪಿದೆ. ನಂಬರು ಹೇಗೆ ನೆನಪಿರುತ್ತೆ ಅಕ್ಕ? ಒಬ್ಬನೇ ಪರೀಕ್ಷೆ ಮಾಡಿ, ಒಬ್ಬನೇ ಟೈಪ್ ಮಾಡ್ಬೇಕು. ಅರವತ್ತೊಂದಕ್ಕೆ ನನಗೆ ಎರಡು ದಿನ ಬೇಕು. ಮೂರು ಶಾಲೆದು ಕಳಿಸಿಬಿಡೋಣ. ಇವರದ್ದು ಮುಂದಿನ ತಿಂಗಳು."

ಪ್ಲಗ್ಗಕ್ಕ ಚಹಾದ ಲೋಟ ಕೆಳಗಿಡುತ್ತಾರೆ. ಸಿಕ್ಕ ಮೂರು ಪಟ್ಟಿಯನ್ನು ಪೆನ್‌ಡ್ರೈವಿಗೆ ಒಂದು ಸಲ, ಇನ್ನೊಂದು ಪೆನ್‌ಡ್ರೈವಿಗೆ ಇನ್ನೊಂದು ಸಲ ಇಳಿಸುತ್ತಾರೆ. ಸ್ವೆಟರಿನ ತೋಳು ಬಿಚ್ಚಿಕೊಂಡು ಕುರ್ಚಿಯಿಂದ ಏಳುತ್ತಾರೆ.

"ನೀವು ಕಣ್ಣು ನೋಡಿ. ಟೈಪ್ ನಾನು ಮಾಡ್ತೀನಿ. ಬಸ್ ಎಷ್ಟೊತ್ತಿಗೆ?"

ಗೂಡಿಗೆ ಗಂಡನನ್ನು ಕೂರಿಸುತ್ತಾರೆ. "ಪ್ಲಗ್ ಹಾಕೋದು, ತೆಗೆಯೋದು. ಅಷ್ಟೇ. ಏನೂ ಒತ್ತಬೇಡಿ."

"ಐವತ್ತು ಜನ ಕೂತ ಬಸ್ಸನ್ನ ಮಲೆ ಹತ್ತಿಸಿದವನು ನಾನು."

"ಅದಕ್ಕೇ ಹೇಳ್ತಿರೋದು."

ಶಾಲೆ ಒಂದೂವರೆ ಗಂಟೆಯ ದಾರಿ. ಮುಖ್ಯೋಪಾಧ್ಯಾಯಿನಿ ಮೊದಲು ಒಪ್ಪುವುದಿಲ್ಲ. "ಮೊನ್ನೆ ತಾನೇ ಪಾಠ ನಿಲ್ಲಿಸಿ ಕೊಟ್ಟಿದ್ದೆನಲ್ಲ?" ಎನ್ನುತ್ತಾರೆ. ಕನ್ನಡಕದವರು ಬಾಯಿ ತೆರೆಯುವ ಮುಂಚೆ ಪ್ಲಗ್ಗಕ್ಕ ಹೇಳುತ್ತಾರೆ: "ಅವರು ಸರಿಯಾಗೇ ಮಾಡಿದ್ರು ಮೇಡಂ. ಅಳಿಸಿದ್ದು ನಾನು." ಆಕೆ ಇಬ್ಬರನ್ನೂ ಒಂದು ಗಳಿಗೆ ನೋಡಿ, ಚಿತ್ರಕಲೆಯ ಕೋಣೆಯ ಕೀಲಿ ಕೊಡುತ್ತಾರೆ.

ಒಂಬತ್ತೂವರೆಗೆ ಶುರು. ಗೋಡೆಯ ಮೇಲೆ ಅಕ್ಷರದ ಹಲಗೆ, ಮಗುವಿನ ಮೂಗಿನ ಮೇಲೆ ಕಣ್ಣು ಪರೀಕ್ಷೆಯ ಭಾರವಾದ ಚೌಕಟ್ಟು. ಕನ್ನಡಕದವರು ಗಾಜು ಬದಲಿಸುತ್ತ ನಂಬರು ಕೂಗುತ್ತಾರೆ. ಪ್ಲಗ್ಗಕ್ಕ ಅದನ್ನೇ ಜೋರಾಗಿ ತಿರುಗಿ ಹೇಳಿ, ಆಮೇಲೆ ಒತ್ತುತ್ತಾರೆ. ಹತ್ತು ಮಕ್ಕಳಿಗೊಮ್ಮೆ ಪೆನ್‌ಡ್ರೈವಿಗೆ ನಕಲು. ಎರಡು ಗಂಟೆಗೆ ಕರೆಂಟು ಹೋಗುತ್ತದೆ. ತೆರೆಯ ಬೆಳಕು ತಗ್ಗಿಸಿ, ಬೇಡದ್ದನ್ನೆಲ್ಲ ಮುಚ್ಚಿ, ಅವರು ತಲೆ ಎತ್ತದೆ ಮುಂದುವರಿಯುತ್ತಾರೆ. ಕನ್ನಡಕದವರು ಹಲಗೆಯನ್ನು ಕಿಟಕಿಯ ಬೆಳಕಿಗೆ ಒಯ್ಯುತ್ತಾರೆ.

ಅರವತ್ತೊಂದನೆಯವಳು ಒಂದು ಪುಟ್ಟ ಹುಡುಗಿ. ಮೇಲಿನ ದೊಡ್ಡ ಅಕ್ಷರವನ್ನೂ ಊಹೆಯಿಂದಲೇ ಹೇಳುತ್ತಾಳೆ. ಗಾಜು ಹಾಕಿದ ಮೇಲೆ ಹಲಗೆ ನೋಡುವುದು ಬಿಟ್ಟು ಪ್ಲಗ್ಗಕ್ಕನನ್ನು ನೋಡುತ್ತಾಳೆ. "ಅಜ್ಜಿ, ನಿಮ್ಮ ಸ್ವೆಟರಿಗೆ ಒಂದು ಗುಂಡಿ ಇಲ್ಲ," ಎನ್ನುತ್ತಾಳೆ.

"ಬೇಗ ಆ ಗಾಜು ತೆಗೀರಿ ಅಣ್ಣ," ಎನ್ನುತ್ತಾರೆ ಪ್ಲಗ್ಗಕ್ಕ. ಬೆಳಗಿನಿಂದ ಅವರು ಮೊದಲ ಸಲ ನಕ್ಕಿದ್ದು ಆಗ.

ಶಾಲೆಯಲ್ಲಿ ನೆಟ್ ಇಲ್ಲ. ತಮ್ಮ ಮೊಬೈಲಿನ ನೆಟ್ಟನ್ನು ಲ್ಯಾಪ್‌ಟಾಪಿಗೆ ಕೊಟ್ಟು ಮೂರೂನಲವತ್ತಕ್ಕೆ ನಾಲ್ಕೂ ಪಟ್ಟಿಯನ್ನು ಕಾರ್ಖಾನೆಗೆ ಕಳಿಸುತ್ತಾರೆ. ಮುಟ್ಟಿತು ಎಂಬ ಉತ್ತರ ಬರುವವರೆಗೆ ಇಬ್ಬರೂ ಮಕ್ಕಳ ಬೆಂಚಿನ ಮೇಲೆ ಮೊಣಕಾಲು ಮಡಚಿ ಕೂತಿರುತ್ತಾರೆ. ಉತ್ತರ ಬರುತ್ತದೆ. ಕನ್ನಡಕದವರು ತೆರೆಯ ಮೇಲಿನ ಸಾಲುಗಳ ಮೇಲೆ ಮತ್ತೊಮ್ಮೆ ಬೆರಳಾಡಿಸುತ್ತಾರೆ.

"ಒಂದೂ ತಪ್ಪಿಲ್ಲ ಅಕ್ಕ. ನಮ್ಮ ಕಚೇರಿಯವರೂ ಇಷ್ಟು ನೀಟಾಗಿ ಮಾಡಲ್ಲ."

ಪ್ಲಗ್ಗಕ್ಕ ಲ್ಯಾಪ್‌ಟಾಪನ್ನು ಪೂರ್ತಿ ಆಫ್ ಮಾಡುತ್ತಾರೆ. ಅದು ತಣ್ಣಗಾಗಲೆಂದು ಸ್ವಲ್ಪ ಹೊತ್ತು ಮಡಿಲಲ್ಲೇ ಇಟ್ಟುಕೊಳ್ಳುತ್ತಾರೆ.

"ತಪ್ಪಿಲ್ಲ ಅನ್ನೋದನ್ನ ನೀವು ಹೇಳ್ಬೇಡಿ ಅಣ್ಣ," ಎನ್ನುತ್ತಾರೆ. "ಕನ್ನಡಕ ಬಂದ ಮೇಲೆ ಮಕ್ಕಳನ್ನ ಹಿಂದಿನ ಬೆಂಚಲ್ಲಿ ಕೂರಿಸಿ, ಬೋರ್ಡ್ ಓದಿಸಿ. ಆಮೇಲೆ ನನಗೊಂದು ಫೋನ್ ಮಾಡಿ. ಗೂಡಲ್ಲೇ ಇರ್ತೀನಿ."