ಮೂರನೇ ಸಿಲಿಂಡರಿನ ಸ್ಪ್ರಿಂಗ್

ಮಿಸ್ತ್ರಿ ಕಾಕಾರ ಬಲಗಿವಿಯ ಮುಂದೆ ರೂಪಾಯಿಯಗಲದ ಒಂದು ಕರಿ ಕಲೆಯಿತ್ತು. ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಕೆಯನ್ನು ಕಿವಿಗೂ ಒತ್ತಿ ಒತ್ತಿ, ಸೋಪಿಗೂ ಬಗ್ಗದೆ ಉಳಿದ ಗ್ರೀಸು ಅದು. ಉಗಾರದ ರಸ್ತೆಯಲ್ಲಿ ಕಬ್ಬು ಹೇರುವವರೆಲ್ಲ ಹೇಳುವುದು ಒಂದೇ ಮಾತು: ಬಿಚ್ಚದೆ, ಬರೀ ಕೇಳಿಯೇ ಯಾವ ವಾಲ್ವ್ ಕೆಟ್ಟಿದೆಯೆಂದು ಹೇಳುತ್ತಿದ್ದರಂತೆ, ಒಮ್ಮೆಯೂ ತಪ್ಪಲಿಲ್ಲವಂತೆ.

ತಪ್ಪಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಾನು ಕಾಲೇಜಿನಲ್ಲಿದ್ದ ವರ್ಷ, ಕಬ್ಬಿನ ಹಂಗಾಮಿನಲ್ಲಿ ನಮ್ಮ ಟ್ರ್ಯಾಕ್ಟರ್ ಏರು ಹತ್ತಲಾರದೆ ಸೋತಿತು. ನಾನೂ ಅಪ್ಪನೂ ಅದನ್ನು ಕಾಕಾರ ಗ್ಯಾರೇಜಿಗೆ ತಂದೆವು. ಕಾಕಾ ಕಿವಿಗೊಟ್ಟು, ನೆರೆದ ಡ್ರೈವರುಗಳ ಎದುರೇ, "ಎರಡನೇ ಸಿಲಿಂಡರಿನ ವಾಲ್ವ್ ಕುಂದ್ರವಲ್ದು" ಎಂದರು. ನನಗೋ ಕಾಲೇಜಿನ ಚರ್ಚಾಸ್ಪರ್ಧೆ ಗೆದ್ದ ಹುರುಪು.

"ಬಿಚ್ಚಿ ನೋಡದ ಹೆಂಗ ಹೇಳ್ತೀರಿ ಕಾಕಾ?"

"ಬಾಯಿ ಭಾಳ ಐತಿ ತಂಗಿ ನಿಂದು. ನಡಿ, ನೋಡೇ ಬಿಡೂಣು."

ಎಂಜಿನ್ನಿನ ಮೇಲ್ಭಾಗದ ಹೆಡ್ ಇಳಿಸಿ, ಒಂದೊಂದೇ ವಾಲ್ವಿನ ಹಿಂದೆ ಡೀಸೆಲ್ ಸುರಿದರು; ಸರಿಯಾಗಿ ಮುಚ್ಚದ ವಾಲ್ವಾದರೆ ಅದು ಸೋರಬೇಕು. ಎರಡನೇ ಸಿಲಿಂಡರಿನಲ್ಲಿ ಒಂದು ಹನಿಯೂ ಇಳಿಯಲಿಲ್ಲ. ಮೂರನೆಯದರ ಒಂದು ವಾಲ್ವ್ ತೊಟ್ಟಿಕ್ಕಿತು. ಡ್ರೈವರುಗಳು ಮುಖ ಮುಖ ನೋಡಿಕೊಂಡರು. ಏನು ನೆಪ ಹೇಳುತ್ತಾರೋ ಎಂದು ನಾನು ಕಾದೆ.

ಕಾಕಾ ಎಲ್ಲರಿಗೂ ಕೇಳುವಂತೆ ಅಂದರು: "ನಾ ತಪ್ಪಿದೆ. ಮೂರನೇದ ಐತಿ."

ಆಮೇಲೆ ಆ ವಾಲ್ವಿನ ಸ್ಪ್ರಿಂಗನ್ನೂ ಹೊಸದೊಂದನ್ನೂ ತುದಿಗೆ ತುದಿ ಇಟ್ಟು, ವೈಸಿನ ಎರಡು ದವಡೆಗಳ ನಡುವೆ ತಿರುಪಿ ಬಿಗಿದರು. ಹಳೆಯದೇ ಹೆಚ್ಚು ಕುಗ್ಗಿತು.

"ವಾಲ್ವ್ ಒತ್ತಿ ತಗಿಯಾಕ ಕ್ಯಾಮ್ ಐತಿ. ಮುಚ್ಚಾಕ ಈ ಸ್ಪ್ರಿಂಗ್ ಒಂದ. ಇದು ಸೋತರ ವಾಲ್ವ್ ಗಟ್ಟಿ ಕುಂದ್ರೂದಿಲ್ಲ, ತಾಕತ್ತೆಲ್ಲಾ ಸೋರಿ ಹೋಗ್ತೈತಿ."

"ಹಳೇದು ಸರಿ ಇದ್ದು, ಹೊಸಾದ ಅತೀ ಬಿರುಸ ಇದ್ರ?"

ಕಾಕಾ ಕೆನ್ನೆ ಕೆರೆದುಕೊಂಡರು. ಇನ್ನೊಂದು ಹೊಸದನ್ನು ತೆಗೆದು, ಎರಡೂ ಹೊಸವನ್ನು ಎದುರುಬದುರು ಬಿಗಿದರು. ಸಮಸಮ ಕುಗ್ಗಿದವು.

"ಇದು ನನಗ ಹೊಳದಿರಲಿಲ್ಲ ನೋಡು!"

ಅಂದಿನಿಂದ ಮೊದಲು ಹೊಸವೆರಡನ್ನು ಹೋಲಿಸಿ ನೋಡುವುದು ಅವರ ರೂಢಿಯಾಯಿತು. ನನ್ನನ್ನು ಕಂಡರೆ, "ವಕೀಲರು ಬಂದ್ರು, ಇನ್ನೊಂದ ಸ್ಪ್ರಿಂಗ್ ತಗೀರಿ" ಎಂದು ಕೂಗುತ್ತಿದ್ದರು. ನಾನಂತೂ ಇಂದಿಗೂ ಯಾವ ವೇದಿಕೆಯ ಮೇಲೂ ಆ ಎರಡು ಪದ, "ನಾ ತಪ್ಪಿದೆ", ಅಂದಿಲ್ಲ.

ಹೋದ ತಿಂಗಳು ಕಾಕಾ ತೀರಿಕೊಂಡರು. ಅವರ ಮನೆಯ ಕಟ್ಟೆಯ ಮೇಲೆ ಕೂತು ಅಪ್ಪ ಬಂದವರಿಗೆ ಹೇಳುತ್ತಿದ್ದ: "ನಮ್ಮ ಟ್ರ್ಯಾಕ್ಟರಿಗೆ ಕಿವಿ ಹಚ್ಚಿದಾಂವ, ಬಿಚ್ಚದನ ಮೂರನೇದ ಅಂದುಬಿಟ್ಟ ನೋಡ್ರಿ!" ಎಲ್ಲರೂ ತಲೆದೂಗಿದರು.

ಮನೆಗೆ ಬರುವಾಗ, ಅಪ್ಪನ ಬೈಕಿನ ಹಿಂದೆ ಕೂತು ನಾನು ಕೇಳಿದೆ:

"ಅಪ್ಪಾ, ಕಾಕಾ 'ನಾ ತಪ್ಪಿದೆ' ಅಂದಾಗ ನೀ ಬಾಜೂಕ ಇದ್ದಿ. ಅದನ್ಯಾಕ ಯಾರಿಗೂ ಹೇಳಲಿಲ್ಲ?"