ಬೈಸಿಕೊಳ್ಳುವ ಸಾಮರ್ಥ್ಯ

ನಾನು ನಾಯಕನಾದದ್ದು ಹೇಗೆಂದು ಯಾರೂ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ನಿಟ್ಟೂರಿಗೆ ಹತ್ತಿರದ ನಮ್ಮ ಸಣ್ಣ ಊರಿನ ಹಾಲಿನ ಡೈರಿಯಲ್ಲಿ ಎರಡು ಪಂಗಡ. ಈ ಕಡೆಯವನು ಆ ಕಡೆಗೆ ಬೇಡ, ಆ ಕಡೆಯವನು ಈ ಕಡೆಗೆ ಬೇಡ. ಜಗಳವಾಡಿ ಸುಸ್ತಾದ ಮೇಲೆ, ಮೂಲೆಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದ ನನ್ನನ್ನು ಅಧ್ಯಕ್ಷನನ್ನಾಗಿ ಮಾಡಿದರು. ನನ್ನಿಂದ ಯಾರಿಗೂ ತೊಂದರೆಯಿಲ್ಲ ಎಂಬುದು ಕಾರಣ. ಉಪಯೋಗವೂ ಇಲ್ಲ ಎಂಬುದನ್ನು ಮರ್ಯಾದೆಗೆ ಹೇಳಲಿಲ್ಲ.

ಹೊಸ ಅಧ್ಯಕ್ಷರಿಗೆಲ್ಲ ತುಮಕೂರಿನಲ್ಲಿ ಎರಡು ದಿನ ತರಬೇತಿ. ಟೈ ಕಟ್ಟಿದ ತರಬೇತುದಾರರು, ದೌರ್ಬಲ್ಯ ಮರೆತು ಸಾಮರ್ಥ್ಯದ ಮೇಲೆ ನಾಯಕತ್ವ ಕಟ್ಟಿ ಎಂದು ಹೇಳಿ, ನಮ್ಮ ನಮ್ಮ ಐದು ಸಾಮರ್ಥ್ಯ ಬರೆಯಲು ಹಾಳೆ ಕೊಟ್ಟರು. ಹಿಂದಿನ ಅರಸರಿಗೆ ಇದಕ್ಕೆಂದೇ ಹೊಗಳುಭಟ್ಟರಿದ್ದರು. ಬಿರುದಾವಳಿ ಕೇಳಿಯೇ ಅರಸನಿಗೆ ತಾನು ಶೂರನೆಂದು ಗೊತ್ತಾಗುತ್ತಿತ್ತು. ಈಗ ಆ ಕೆಲಸವೂ ನಮ್ಮ ತಲೆಗೇ ಬಂದಿದೆ. ಪಕ್ಕದಲ್ಲಿದ್ದ ಕುಣಿಗಲ್ ಕಡೆಯ ಅಧ್ಯಕ್ಷರು ಐದನ್ನೂ ಭರ್ತಿ ಮಾಡಿ ಇನ್ನೊಂದು ಹಾಳೆ ಕೇಳಿದರು. ನಾನು ಹೊರಗೆ ಹೋಗಿ ಹೆಂಡತಿಗೆ ಫೋನ್ ಮಾಡಿ, ನನ್ನ ಶಕ್ತಿ ಏನೆಂದು ಕೇಳಿದೆ.

“ಯಾಕ್ರೀ, ಡಾಕ್ಟ್ರ ಹತ್ರ ಏನಾದ್ರೂ ಹೋಗಿದೀರಾ?” ಎಂದಳು. ವಿವರಿಸಿದ ಮೇಲೆ ತುಂಬ ಹೊತ್ತು ಯೋಚಿಸಿ, “ಯಾರು ಎಷ್ಟು ಬೈದ್ರೂ ಎದುರಾಡ್ದೆ ಕೇಳಿಸ್ಕೊತೀರ. ಅದೊಂದು ಬರ್ಕೊಳಿ” ಎಂದಳು. ಇಪ್ಪತ್ತೆರಡು ವರ್ಷ ಅಭ್ಯಾಸ ಮಾಡಿಸಿದವಳ ಮಾತು, ಬರೆದೆ. ತರಬೇತುದಾರರು ಅದನ್ನು ಗೀಟು ಎಳೆದು ಹೊಡೆದುಹಾಕಿ, ‘ದೃಢವಾದ ಮಾತುಗಾರಿಕೆ’ ಎಂದು ತಾವೇ ಬರೆದುಕೊಟ್ಟರು.

ವಾಪಸು ಬರುವಾಗ ಗುಬ್ಬಿಯಲ್ಲಿ ಬಸ್ಸಿನ ಕಿಟಕಿಯಿಂದ ಫ್ಲೆಕ್ಸುಗಳನ್ನು ನೋಡಿದೆ. ನಾಯಕರಿಗೆ ನಮ್ಮಲ್ಲಿ ಕೊರತೆಯಿಲ್ಲ. ಎಲ್ಲರೂ ಕೈ ಮುಗಿದು ಬಾಯಿ ಮುಚ್ಚಿ ನಿಂತಿದ್ದರು. ಬಾಯಿ ಮುಚ್ಚುವುದು ಫ್ಲೆಕ್ಸಿನಲ್ಲಿ ಮಾತ್ರ ಅನ್ನಿ.

ಊರಿನಲ್ಲಿ ನನ್ನ ದೃಢತೆಗೆ ಕೆಲಸ ಕಾದಿತ್ತು. ಹಾಲು ಪರೀಕ್ಷೆ ಮಾಡುವ ನಂಜುಂಡ, ಗಂಗಕ್ಕನ ಹಾಲಿಗೆ ಲ್ಯಾಕ್ಟೋಮೀಟರ್ ಬಿಟ್ಟು, “ನೀರೈತೆ, ವಾಪಸ್!” ಎಂದು ಸಾಲಿಗೆಲ್ಲ ಕೇಳುವಂತೆ ಕೂಗಿದ್ದ. ಗಂಗಕ್ಕ ಮೂರು ಹಸು ಕಟ್ಟಿಕೊಂಡು ಒಬ್ಬರೇ ಬಾಳುವ ಹೆಂಗಸು. ಕ್ಯಾನ್ ಎತ್ತಿಕೊಂಡು ಹೋದವರು ಮರುದಿನ ಬರಲಿಲ್ಲ. ಅವರ ಬೀದಿಯ ಹದಿನಾಲ್ಕು ಮನೆಯವರೂ ಬರಲಿಲ್ಲ. ಹಾಲು ಇಷ್ಟೇ ಆದರೆ ಸೋಮವಾರದಿಂದ ನಿಮ್ಮೂರಿಗೆ ವ್ಯಾನ್ ಇಲ್ಲ ಎಂದು ಮೇಲಿನವರು ಫೋನ್ ಮಾಡಿದರು.

ನಾನು ಡೈರಿಯ ಮೆಟ್ಟಿಲ ಮೇಲೆ ನಿಂತು, ನಿಯಮ ಎಲ್ಲರಿಗೂ ಒಂದೇ ಎಂದು ದೃಢವಾಗಿ ಮಾತಾಡಿದೆ. ಮರುದಿನ ಇನ್ನೂ ಒಂಬತ್ತು ಮನೆಯ ಹಾಲು ನಿಂತಿತು. ತರಬೇತಿಯ ಫಲ ಇಷ್ಟು ಬೇಗ ಕಾಣುತ್ತದೆಂದು ನಾನೂ ಅಂದುಕೊಂಡಿರಲಿಲ್ಲ.

ಭಾನುವಾರ, ಭಾಷಣದ ಉಳಿದ ಭಾಗವನ್ನು ಗಂಗಕ್ಕನ ಜಗಲಿಯಲ್ಲೇ ಮುಗಿಸೋಣವೆಂದು ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅವರು ಶುರು ಮಾಡಿದರು. ನನ್ನ ಅಧ್ಯಕ್ಷಗಿರಿಯಿಂದ ಹಿಡಿದು ನಮ್ಮ ತಾತ ಬೇಲಿ ಒತ್ತಿದ ಕಥೆಯವರೆಗೆ ಬೈದರು. ಭಾಷಣ ಮರೆತೇಹೋಯಿತು, ಅಭ್ಯಾಸಬಲದಿಂದ ತಲೆಯಾಡಿಸುತ್ತ ಕೂತೆ. ಅರ್ಧ ಗಂಟೆಯಾದ ಮೇಲೆ ಅವರ ದನಿ ಇಳಿಯಿತು.

“ಅವತ್ತು ಗಡಿಬಿಡೀಲಿ ಕ್ಯಾನ್ ತೊಳ್ದ ನೀರು ಬಗ್ಗಿಸ್ದೆ ಹಂಗೇ ಹಾಲು ಹುಯ್ದುಬುಟ್ಟಿದ್ದೆ ಕಣಪ್ಪ. ತಪ್ಪು ನಂದೇ. ಅದ್ಕೆ ಅಷ್ಟು ಜನದ ಮುಂದೆ ಕಳ್ಳಿ ಅನ್ನಂಗೆ ಕೂಗ್ಬೇಕಿತ್ತಾ? ನನ್ ಕಿವೀಲಿ ಹೇಳಿದ್ರೆ ನಾನೇ ವಾಪಸ್ ಹೊತ್ಕೊಂಡ್ ಹೋಯ್ತಿರ್ಲಿಲ್ವಾ?”

ನನಗೆ ನಿಜಕ್ಕೂ ನಾಚಿಕೆಯಾಯಿತು. ಇಷ್ಟನ್ನು ಕೇಳಿಸಿಕೊಳ್ಳಲು ಊರಿನಿಂದ ಒಬ್ಬರೂ ಅವರ ಮನೆಗೆ ಹೋಗಿರಲಿಲ್ಲ. ನಾನೂ ಹೋದದ್ದು ಹೇಳುವುದಕ್ಕೇ. “ತಪ್ಪಾಯ್ತು ಗಂಗಕ್ಕ” ಎಂದೆ. ಅವರು ಒಳಗೆ ಹೋಗಿ ಕಾಫಿ ತಂದರು.

ಸೋಮವಾರ ಬೆಳಿಗ್ಗೆ ಸಾಲಿನಲ್ಲಿ ಮೊದಲ ಕ್ಯಾನ್ ಗಂಗಕ್ಕನದು, ಹಿಂದೆ ಇಡೀ ಬೀದಿ. ವ್ಯಾನ್ ರಸ್ತೆಯಲ್ಲಿ ನಿಂತಿತ್ತು. ನಾನು ಮಾಡಿದ ಹೊಸ ನಿಯಮದಂತೆ ನಂಜುಂಡ ಲ್ಯಾಕ್ಟೋಮೀಟರ್ ನೋಡಿ, ಬಗ್ಗಿ, ಅವರ ಕಿವಿಯ ಹತ್ತಿರ “ಚೆನ್ನಾಗೈತೆ ಅಕ್ಕ” ಎಂದು ಪಿಸುಗುಟ್ಟಿದ.

ಗಂಗಕ್ಕ ಸೆರಗು ಸರಿಮಾಡಿಕೊಂಡು ಸಾಲಿನ ಕಡೆ ತಿರುಗಿ ನಿಂತರು. “ಈಗ್ಯಾಕ್ಲಾ ಪಿಸಪಿಸ ಅಂತೀಯ? ಅವತ್ತು ಕೂಗ್ದಂಗೇ ಕೂಗ್ಲಾ!”

ನಂಜುಂಡ ನನ್ನ ಮುಖ ನೋಡಿದ. ನಾನು ಗಂಗಕ್ಕನ ಮುಖ ನೋಡಿದೆ. ನಮ್ಮೂರಿನಲ್ಲಿ ನಾಯಕರು ಯಾರೆಂಬುದು ಇಬ್ಬರಿಗೂ ಆಗ ತಿಳಿಯಿತು, ಅವನು ಕೂಗಿದ.